ಕಬ್ಬಿನಂತೆ ಗೆಣ್ಣಿನಲ್ಲಿ ಮುರಿಯಬೇಕು
ಉದ್ದನೆಯ ವೈದ್ಯಕೀಯ ಪದಗಳನ್ನು ಎರಡೆರಡು ಅಕ್ಷರವಾಗಿ ಬಿಡಿಸಿ ಓದಿ ಎಂದು ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಒಪ್ಪಲಾರೆ. ಅಮ್ಮನ ಚೀಟಿಯಲ್ಲಿದ್ದ ‘ಈಸಾಫಗೋಗ್ಯಾಸ್ಟ್ರೋಡ್ಯುವೊಡಿನಾಸ್ಕೊಪಿ’ಯನ್ನು ಹಾಗೆ ಓದಲು ಹೋಗಿ ನಡುವಿನಲ್ಲೇ ನನ್ನ ನಾಲಿಗೆ ತೊಡರಿತ್ತು. ಸಮಾಸ ಬಿಡಿಸುವಂತೆ ಅರ್ಥ ಕೂಡುವ ಗೆಣ್ಣಿನಲ್ಲೇ ಮುರಿಯಬೇಕು: ಈಸಾಫಗೋ ಎಂದರೆ ಅನ್ನನಾಳ, ಗ್ಯಾಸ್ಟ್ರೋ ಜಠರ, ಡ್ಯುವೊಡಿನೊ ಸಣ್ಣ ಕರುಳಿನ ಮೊದಲ ಭಾಗ, ಸ್ಕೊಪಿ ಎಂದರೆ ನೋಡುವುದು. ಡ್ಯುವೊಡಿನಮ್ ಎಂಬ ಹೆಸರಿನೊಳಗೆ ಲ್ಯಾಟಿನ್ನಿನ ಹನ್ನೆರಡು ಅಡಗಿದೆ. ಅದರ ಉದ್ದ ಹನ್ನೆರಡು ಬೆರಳಿನ ಅಗಲದಷ್ಟು ಎಂಬ ಹಳೆಯ ಅಳತೆ ಅದು. ಎಷ್ಟು ಚೆಂದ! ಇಂಗ್ಲಿಷಿನಲ್ಲಿ ಆ ಉದ್ದನೆಯ ಪದದ ಮುಖ್ಯ ಒತ್ತು ಬೀಳುವುದು ‘ನಾಸ್’ ಮೇಲೆ. ನಾವೋ ಎಲ್ಲ ಅಕ್ಷರಗಳಿಗೂ ಒಂದೇ ತೂಕ ಕೊಟ್ಟು ಉಸಿರು ಕಳೆದುಕೊಳ್ಳುತ್ತೇವೆ. ಹೀಗೆ ಬಿಡಿಸಿ ಹೇಳಿದಾಗ ಅಮ್ಮ, ‘ಗಂಟಲಿನಿಂದ ಕರುಳಿನವರೆಗೆ ಇಣುಕಿ ನೋಡುತ್ತಾರೆ, ಅಷ್ಟೇ ತಾನೇ’ ಎಂದು ನಿರಾಳವಾಗಿ ಮಗ್ಗುಲು ಬದಲಿಸಿದರು.