ಲಗಾಮಲ್ಲ ಸ್ವಾಮಿ, ಕಿಡ್ನಿ!

ನಿನ್ನೆ ಗೆಳೆಯರೊಬ್ಬರ ಮಗಳ ನಿಶ್ಚಿತಾರ್ಥ. ಊಟಕ್ಕೆ ಮುಂಚೆ ಹಿರಿಯರೊಬ್ಬರು ಮೈಕ್ ಹಿಡಿದು ಹಳೇ ಇಂಗ್ಲಿಷ್ ಬೈಬಲಿನ 16ನೇ ಕೀರ್ತನೆಯ ಸಾಲು ಓದಿದರು. 'ಮೈ ರೀನ್ಸ್ ಆಲ್ಸೋ ಇನ್‌ಸ್ಟ್ರಕ್ಟ್ ಮಿ ಇನ್ ದ ನೈಟ್ ಸೀಸನ್ಸ್.' ಅಂದರೆ, ರಾತ್ರಿ ಹೊತ್ತು ನನ್ನ ರೀನ್ಸ್ ಕೂಡ ನನಗೆ ಬುದ್ಧಿ ಹೇಳುತ್ತೆ ಅಂತ. ಅಷ್ಟಕ್ಕೇ ಬಿಟ್ಟಿದ್ದರೆ ನನಗೆ ಬಿರಿಯಾನಿ ರುಚಿಸುತ್ತಿತ್ತು. ಬಿಡಲಿಲ್ಲ. ರೀನ್ಸ್ ಅಂದ್ರೆ ಕುದುರೆಯ ಲಗಾಮು, ದೇವರು ರಾತ್ರಿ ನಮ್ಮ ಮನಸ್ಸಿಗೆ ಲಗಾಮು ಹಾಕ್ತಾನೆ, ಗಂಡ ಹೆಂಡತಿಯೂ ಹಾಗೇ ಅಂತ ಕಾಲು ಗಂಟೆ ಕುದುರೆ ಓಡಿಸಿದರು. ಜೋರು ಚಪ್ಪಾಳೆ ಬೇರೆ.

ಲಗಾಮಲ್ಲ ಸ್ವಾಮಿ, ಕಿಡ್ನಿ! 1611ರ ಆ ಅನುವಾದದಲ್ಲಿ ರೀನ್ಸ್ ಅಂದರೆ ಮೂತ್ರಪಿಂಡ. ಲ್ಯಾಟಿನ್ನಿನ 'ರೇನೇಸ್' ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಹಾಗಾಯಿತು. ಡಾಕ್ಟರು 'ರೀನಲ್' ಅಂತಾರಲ್ಲ, ಅದೇ ಬೇರು. ಕುದುರೆಯ ರೀನ್ಸ್ ಬೇರೆ, ಅದು ಹಿಡಿದು ನಿಲ್ಲಿಸುವ ಅರ್ಥದ 'ರೆಟಿನೇರೆ'ಯಿಂದ ಬಂದದ್ದು. ಸ್ಪೆಲ್ಲಿಂಗ್ ಒಂದೇ ಆದರೂ ಎರಡಕ್ಕೂ ನಂಟಿಲ್ಲ.

ಇನ್ನೂ ಮಜಾ ಕೇಳಿ. ಹೀಬ್ರೂ ಮೂಲದಲ್ಲಿ ಬಲಿ ಕೊಡುವ ಪ್ರಾಣಿಯ ಕಿಡ್ನಿಗೂ ಮನುಷ್ಯನ ಕಿಡ್ನಿಗೂ ಒಂದೇ ಪದ. ಅನುವಾದಕರು ಮಾತ್ರ ಕುರಿಯದಕ್ಕೆ 'ಕಿಡ್ನಿ' ಅಂತ ಬರೆದು, ಮನುಷ್ಯನ ಒಳಮನಸ್ಸಿನ ಮಾತು ಬಂದಾಗ 'ರೀನ್ಸ್' ಅಂದರು. ಆ ಹೀಬ್ರೂ ಜನಕ್ಕೆ ಕಿಡ್ನಿ ಅಂದರೆ ಗುಟ್ಟಿನ ಯೋಚನೆ, ಆತ್ಮಸಾಕ್ಷಿ ಎಲ್ಲ ಇರೋ ಜಾಗ. ದೇವರು ಹೃದಯವನ್ನೂ ರೀನ್ಸನ್ನೂ ಪರೀಕ್ಷೆ ಮಾಡ್ತಾನೆ ಅಂತ ಬೈಬಲಿನ ಯೆರೆಮೀಯನ ಪುಸ್ತಕದಲ್ಲಿದೆ. ಯಹೂದಿಗಳ ಧರ್ಮಗ್ರಂಥ ತಾಲ್ಮುದ್ ಇನ್ನೂ ಒಂದು ಹೆಜ್ಜೆ ಮುಂದೆ: ಎರಡು ಕಿಡ್ನಿಯಲ್ಲಿ ಒಂದು ಒಳ್ಳೇದು ಮಾಡು ಅನ್ನುತ್ತಂತೆ, ಇನ್ನೊಂದು ಕೆಟ್ಟದ್ದು ಮಾಡು ಅನ್ನುತ್ತಂತೆ. ಇಷ್ಟು ಚೆಂದದ್ದನ್ನು ಬಿಟ್ಟು ಲಗಾಮು ಹಿಡಿದರಲ್ಲ!

'ಭಾವ ಮುಟ್ಟಿತಲ್ಲ, ಸಾಕು ಬಿಡ್ರೀ' ಅಂದಳು ನನ್ನವಳು. ಯಾವ ಭಾವ? ಹಾಗಾದರೆ ಮಟನ್ ಅಂಗಡಿಯಲ್ಲಿ ಗುರ್ದಾ, ಅಂದರೆ ಕಿಡ್ನಿ, ಕೇಳಿದವರಿಗೆ ಲಗಾಮು ಕಟ್ಟಿಕೊಡಲಿ. ಹಿಂದಿಯಲ್ಲಿ ಧೈರ್ಯಕ್ಕೆ 'ದಿಲ್ ಗುರ್ದಾ' ಅಂತಾರೆ, ಅಲ್ಲೂ ಹೃದಯದ ಪಕ್ಕ ಕಿಡ್ನಿಯೇ. ಪರ್ಷಿಯನ್ ಮೂಲದ ಆ ಗುರ್ದಾ ಸಂಸ್ಕೃತದ 'ವೃಕ್ಕ'ಕ್ಕೆ ದಾಯಾದಿ. ನಮ್ಮದನ್ನೇ ನೋಡಿ, ಗುಂಡಿಗೆ ಅಂದರೆ ನಮಗೆ ಹೃದಯ. ತಮಿಳಿನಲ್ಲಿ ಅದರ ಬಂಧು 'ಕುಂಡಿಕ್ಕಾಯ್' (ನಗಬೇಡಿ) ಅಂದರೆ ಕಿಡ್ನಿ.

ನಿಜ ಹೇಳಿಬಿಡ್ತೀನಿ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು, ಅದರಲ್ಲಿ ಮೊದಲ ಆರೇಳು ವರ್ಷ ನಾನೂ ಲಗಾಮು ಅಂತಲೇ ತಿಳಿದಿದ್ದೆ. ಒಂದು ಕ್ಲಾಸಿನಲ್ಲಿ ಹಾಗೇ ಹೇಳಿಯೂ ಬಿಟ್ಟಿದ್ದೆ. ಆ ಹುಡುಗರಲ್ಲಿ ಯಾರಾದರೂ ಇದನ್ನು ಓದ್ತಿದ್ರೆ ಕ್ಷಮಿಸಿ. ನಿನ್ನೆ ಮೈಕ್ ಕಿತ್ಕೊಳ್ಳದೆ ಸುಮ್ನೆ ಕೂತಿದ್ದೂ ಅದಕ್ಕೇ.

ಆ ಸಾಲು ಪೂರ್ತಿ ಅರ್ಥ ಆಗಿದ್ದು ಹೋದ ವರ್ಷ, ಕಿಡ್ನಿಯಲ್ಲಿ ಕಲ್ಲಾದಾಗ. ರಾತ್ರಿ ಎರಡು ಗಂಟೆಗೆ ಸೊಂಟದಿಂದ ಎದ್ದ ನೋವು ತೊಡೆಸಂದಿಗೆ ಇಳೀತಾ ಇತ್ತು, ನಾನು ಬಚ್ಚಲುಮನೆಯ ತಣ್ಣನೆ ನೆಲದ ಮೇಲೆ ಮಂಡಿಯೂರಿ ಬಕೆಟ್ ತಬ್ಬಿಕೊಂಡಿದ್ದೆ. ಆವತ್ತು ನನ್ನ ರೀನ್ಸು ಸ್ಪಷ್ಟ ಕನ್ನಡದಲ್ಲೇ ಬುದ್ಧಿ ಹೇಳಿತು. ನೀರು ಕುಡಿಯೋ, ಮುಟ್ಠಾಳ.