ಹತ್ತು ದಿನ ನಾಯಿ ಕಾಯುವ ಕೆಲಸ

ಕಚ್ಚಿದ್ದು ಚಿಕ್ಕಮಗಳೂರಿನ ಒಂದು ಅಡ್ಡರಸ್ತೆಯಲ್ಲಿ, ಬೆಳಿಗ್ಗೆ ಹಾಲಿಗೆ ಹೋದಾಗ. ಎಡಗಾಲಿನ ಮೀನಖಂಡ. ನಿಂತ ಆಟೋದ ಅಡಿಯಲ್ಲಿ ಆಕೆ ಮರಿ ಹಾಕಿದ್ದಾಳೆ ಎಂಬ ಸುದ್ದಿ ನನಗೆ ಮುಟ್ಟಿರಲಿಲ್ಲ. ಆಕೆಯೇ ಖುದ್ದಾಗಿ ಮುಟ್ಟಿಸಿದಳು.

ನಮ್ಮೂರಲ್ಲಿ ನಾಯಿ ಕಚ್ಚಿದರೆ ಮೊದಲು ಓಡಿ ಬರುವುದು ಅಡುಗೆಮನೆ. ಒಬ್ಬರು ಅರಿಶಿನ ತಂದರು, ಇನ್ನೊಬ್ಬರು ಮೆಣಸಿನಪುಡಿ. ಮೂರನೆಯವರು ಕಾಫಿಪುಡಿ ತಂದರು. ಚಿಕೋರಿ ಬೆರೆಸದ್ದು, ಸ್ವಂತ ತೋಟದ್ದು ಅಂತ ಬೇರೆ ಹೇಳಿದರು. 'ಹೊಕ್ಕಳ ಸುತ್ತ ಹದಿನಾಲ್ಕು ಚುಚ್ತಾರೆ, ಗಟ್ಟಿ ಮನಸ್ಸು ಮಾಡ್ಕೊ' ಎಂದರು ಹಿರಿಯರೊಬ್ಬರು. ಆ ಸೂಜಿ ನಿಂತು ಎರಡು ದಶಕವಾಗಿದೆ, ಭಯ ಮಾತ್ರ ಚಾಲ್ತಿಯಲ್ಲಿದೆ. ಪುಣ್ಯಕ್ಕೆ ಅವತ್ತು ನಲ್ಲಿಯಲ್ಲಿ ನೀರು ಬರುವ ದಿನ. ಸೋಪು ಹಾಕಿ 15 ನಿಮಿಷ ತೊಳೆದೆ. ಕಾಫಿಪುಡಿಯಲ್ಲಿ ಕಾಫಿ ಮಾಡಿ ಕುಡಿದೆವು.

ಆಸ್ಪತ್ರೆಯಲ್ಲಿ ಅಂದೇ ಲಸಿಕೆ ಶುರುವಾಯಿತು. 0, 3, 7, 28. ಸೊನ್ನೆಯನೇ ದಿನ ಎಂಬುದೊಂದಿದೆ ಎಂದು ಗೊತ್ತಾದದ್ದೇ ಆಗ. ರಕ್ತ ಬಂದಿದ್ದರಿಂದ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಕೂಡ. ರೇಬೀಸ್ ವೈರಾಣು ನರ ಹಿಡಿದು ಮಿದುಳಿನತ್ತ ನಿಧಾನಕ್ಕೆ ನಡೆಯುತ್ತದಂತೆ. ಅದು ತಲುಪುವುದರೊಳಗೆ ಲಸಿಕೆ ಕೆಲಸ ಮುಗಿಸಿರಬೇಕು, ತಲುಪಿ ಲಕ್ಷಣ ಕಂಡಮೇಲೆ ಸಾವೇ. ನಿಧಾನದಲ್ಲಿ ಆ ವೈರಾಣುವನ್ನೂ ಸೋಲಿಸುವ ವಸ್ತು ಊರಲ್ಲಿ ಇನ್ನೊಂದಿದೆ ಎಂದು ಮುಂದೆ ತಿಳಿಯಿತು.

'ಹತ್ತು ದಿನ ಆ ನಾಯಿ ಮೇಲೆ ಒಂದು ಕಣ್ಣಿಟ್ಟಿರಿ. ಸತ್ತರೆ ಬಂದು ಹೇಳಿ' ಎಂದರು ವೈದ್ಯರು.

ಸರಿ, ದೂರು ಕೊಡೋಣವೆಂದು ಸಂಬಂಧಪಟ್ಟ ಕಚೇರಿಗೆ ಹೋದೆ. ಸಂಬಂಧಪಟ್ಟದ್ದು ಯಾವುದು ಎಂದು ಪತ್ತೆ ಹಚ್ಚುವಷ್ಟರಲ್ಲಿ ಮೂರನೇ ದಿನದ ಸೂಜಿ ಬಂತು. ನಾಯಿಯ ನಾಲ್ಕು ಕಾಲು ಪೌರಾಡಳಿತಕ್ಕೆ ಸೇರಿದ್ದು. ಹಲ್ಲು ಪಶುಸಂಗೋಪನೆಗೆ. ಕಚ್ಚಿಸಿಕೊಂಡ ಮೀನಖಂಡ ಆರೋಗ್ಯ ಇಲಾಖೆಗೆ. ಅದೇ ನಾಯಿ ಊರಾಚೆ ಹತ್ತು ಮಾರು ಓಡಿದರೆ ಗ್ರಾಮ ಪಂಚಾಯಿತಿಗೆ. ಕಾಟಿಯೋ ಆನೆಯೋ ಆಗಿದ್ದರೆ ಸುಲಭವಿತ್ತು, ಅರಣ್ಯ ಇಲಾಖೆ ಒಂದೇ. ಇಷ್ಟು ಇಲಾಖೆಗಳ ಮೇಲೆ ಏಕಕಾಲಕ್ಕೆ ನಿಂತಿರುವ ಪ್ರಾಣಿ ಜಿಲ್ಲೆಯಲ್ಲಿ ಬೇರೊಂದಿಲ್ಲ.

'ನಾಯಿ ಹೇಗಿತ್ತು?'

ಕಂದು ಬಣ್ಣ, ಬಲಗಿವಿಯ ತುದಿ ಹರಿದಿದೆ ಎಂದೆ. ಗುಮಾಸ್ತರ ಮುಖ ಅರಳಿತು. 'ಹಾಗಾದ್ರೆ ಆಪರೇಷನ್ ಆಗಿದೆ!'

ಅವರದೂ ತಪ್ಪಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಂತೆ ಬೀದಿ ನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಕೊಟ್ಟು, ಗುರುತಿಗೆ ಕಿವಿ ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡಬೇಕು. ಈಕೆಯ ಕಿವಿ ಕೋಳಿ ಅಂಗಡಿಯ ಮುಂದೆ ನಡೆದ ಜಗಳದಲ್ಲಿ ಹರಿದದ್ದಕ್ಕೆ ಇಡೀ ಬೀದಿ ಸಾಕ್ಷಿ. ಆಟೋ ಕೆಳಗೆ ಐದು ಮರಿಗಳಿವೆ ಎಂದೆ. 'ದಾಖಲೆ ಪ್ರಕಾರ ಇರೋಕೆ ಸಾಧ್ಯ ಇಲ್ಲ' ಎಂದರು.

ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ ನಮ್ಮ ಜಿಲ್ಲೆಯದೇ. ಐತಿಹ್ಯದಂತೆ ಅಲ್ಲಿ ಹುಲಿ ಎದುರಾದಾಗ ಮುನಿ 'ಪೊಯ್ ಸಳ' ಎಂದರು, ಸಳ ಹೊಡೆದ, ಒಂದು ರಾಜವಂಶವೇ ಹುಟ್ಟಿತು. ನಾಯಿಯನ್ನು ಹೊಡೆಯಿರಿ ಎನ್ನುತ್ತಿಲ್ಲ. ಕಾನೂನು ಒಪ್ಪುವುದಿಲ್ಲ, ನನಗೂ ಬೇಡ. ಎರಡೇ ಪದದ ಆದೇಶ, ಅದೂ ಅಂದೇ ಜಾರಿ ಎಂಬುದಕ್ಕೆ ಹೊಟ್ಟೆಕಿಚ್ಚು, ಅಷ್ಟೆ. ಇಂದಿನ ಸಳನಾಗಿದ್ದರೆ ಹುಲಿಯ ಕಿವಿ ನೋಡಿ ವಾಪಸ್ಸು ಬರುತ್ತಿದ್ದ.

ಹಾಗಾಗಿ ನಾಯಿ ಕಾಯುವ ಕೆಲಸ ನನಗೇ ಬಿತ್ತು. ದಿನಾ ಬೆಳಿಗ್ಗೆ ಐದು ರೂಪಾಯಿಯ ಬಿಸ್ಕತ್ತು ಹಿಡಿದು, ಕುಂಟುತ್ತಾ, ಕಚ್ಚಿದವಳ ಆರೋಗ್ಯ ವಿಚಾರಿಸಲು ಹೊರಡುವುದು. ನೀರು ಕುಡಿದಳಾ? ಜೊಲ್ಲು ಸುರಿಯುತ್ತಿದೆಯಾ? ಸುಮ್ಮನೆ ಎತ್ತಲೋ ನೋಡುತ್ತಿದ್ದಾಳಾ? ಆಟೋ ಚಾಲಕರು ಪ್ರತಿದಿನ ವರದಿ ಕೊಡುತ್ತಿದ್ದರು: 'ಉಂಡ್ಲು ಸಾರ್, ಚೆನ್ನಾಗವ್ಳೆ.' ನನ್ನ ಕಾಲು ಹೇಗಿದೆ ಎಂದು ಮನೆಯಲ್ಲೂ ಯಾರೂ ಇಷ್ಟು ಶ್ರದ್ಧೆಯಿಂದ ಕೇಳಲಿಲ್ಲ. ಆರನೇ ದಿನ ಆಕೆ ಕಾಣಲಿಲ್ಲ. ಕೈಕಾಲು ತಣ್ಣಗಾಯಿತು. ಇಬ್ಬರು ಹುಡುಗರನ್ನು ಕರೆದುಕೊಂಡು ಬಸವನಹಳ್ಳಿ ಕೆರೆ ಏರಿಯವರೆಗೆ ಹುಡುಕಿದೆ. ಸಂಜೆ ನೋಡಿದರೆ ಕಲ್ಯಾಣ ಮಂಟಪದ ಹಿಂದೆ, ಎಸೆದ ಬಾಳೆಲೆಗಳ ನಡುವೆ, ಬಂಧುಬಳಗ ಸಮೇತ ಕೂತಿದ್ದಳು. ಊರಿಗೆ ನಾಯಿ ಹೆಚ್ಚಾಗಿದೆ ಎಂದು ಸಭೆಯಲ್ಲಿ ಗುಡುಗುವವರೂ ಅದೇ ಮದುವೆಯಲ್ಲಿ ಉಂಡು ಕೈತೊಳೆದವರೇ.

ಹತ್ತನೇ ದಿನ ಬಾಲ ಅಲ್ಲಾಡಿಸಿದಳು. ನನಗೆ ಕಣ್ಣು ತುಂಬಿತು.

ಊರಿನ ನೂರಕ್ಕೆ 70 ನಾಯಿಗಳಿಗೆ ಲಸಿಕೆ ಹಾಕುತ್ತಾ ಬಂದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಎನ್ನುತ್ತಾರೆ ಬಲ್ಲವರು. ನಮ್ಮ ಬೀದಿಯಲ್ಲಿ ಆ 70ನ್ನು ಮನುಷ್ಯರ ಕಡೆಯಿಂದ ಭರ್ತಿ ಮಾಡುವ ಯೋಜನೆ ಇದ್ದಂತಿದೆ. ಹಾಲಿನವನು, ಪೇಪರ್ ಹುಡುಗ, ಟ್ಯೂಷನ್ ಮೇಷ್ಟ್ರು, ಈಗ ನಾನು.

28ನೇ ದಿನ ಕೊನೆಯ ಸೂಜಿ ಹಾಕಿಸಿಕೊಂಡು ತೋಳು ಉಜ್ಜುತ್ತಾ ಹೊರಬರುವಾಗ ಮೊಬೈಲ್ ಸದ್ದು ಮಾಡಿತು. 'ದೂರುದಾರರು ಲಸಿಕೆ ಪಡೆದಿರುವುದರಿಂದ ಸದರಿ ದೂರನ್ನು ಇತ್ಯರ್ಥಪಡಿಸಲಾಗಿದೆ.'

ಅಡ್ಡರಸ್ತೆಯಲ್ಲಿ ಆಟೋ ಚಾಲಕರು ಬಗ್ಗಿ ಗಾಲಿಗಳ ಸಂದಿ ನೋಡಿ, ಎಣಿಸಿ, ಆಮೇಲೆ ಗಾಡಿ ಚಾಲೂ ಮಾಡುತ್ತಿದ್ದರು. ಐದೂ ಇವೆ. ಹತ್ತು ಕಿವಿಯೂ ನೆಟ್ಟಗಿವೆ.