ಕೊಳ್ಳುವ ಸೇರು, ಕೊಡುವ ಸೇರು

ಭಾನುವಾರ ಸಂಜೆ ಮಂಡಕ್ಕಿ ತರಲು ಹೋಗಿದ್ದೆ. ನಾನು ಕೊಟ್ಟ ಹತ್ತರ ನಾಣ್ಯವನ್ನು ಅಂಗಡಿಯಾತ ದೀಪಕ್ಕೆ ಹಿಡಿದು, "ಸಾರ್, ಈ ಸಿಂಹಕ್ಕೆ ಮೀನಿನ ಬಾಲ ಇದೆಯಲ್ಲ!" ಎಂದ. ನೋಡಿದರೆ ಸಿಂಗಪುರದ ಒಂದು ಡಾಲರ್. ಸುತ್ತ ಹಳದಿ, ನಡುವೆ ಬಿಳಿ, ನಮ್ಮ ಹತ್ತರ ನಾಣ್ಯದ ತಮ್ಮನಂತಿದೆ. "ಅರವತ್ತಕ್ಕಿಂತ ಹೆಚ್ಚು ಬಾಳುತ್ತದಪ್ಪ, ಇಟ್ಟುಕೋ" ಎಂದೆ. "ರಿಸರ್ವ್ ಬ್ಯಾಂಕೇ ಹೇಳಿದರೂ ನಮ್ಮ ಹತ್ತರದ್ದನ್ನು ಗಿರಾಕಿಗಳು ಮುಟ್ಟುವುದಿಲ್ಲ, ಇನ್ನು ಇದನ್ನು ಯಾರಿಗೆ ಕೊಡಲಿ?" ಎಂದು ಹಿಂದಿರುಗಿಸಿದ.

ಸಿಂಗಪುರದಲ್ಲಿರುವ ಮಗಳ ಮನೆಗೆ ಹೋಗಿ ಬಂದು ಎರಡು ತಿಂಗಳಾಯಿತು. ಹೊರಡುವ ಮುನ್ನ ಹದಿನೈದು ದಿನ ನಾನು ಅಲ್ಲಿನ ಡಾಲರಿನ ದರ ವಿಚಾರಿಸಿದ್ದು ಬಿಟ್ಟರೆ ಬೇರೆ ಕೆಲಸ ಮಾಡಲಿಲ್ಲ. ಒಮ್ಮೆ ವಿಮಾನ ಹತ್ತಿ ಇಳಿದವರೆಲ್ಲ ನಮ್ಮೂರಿನಲ್ಲಿ ಅರ್ಥಶಾಸ್ತ್ರಜ್ಞರೇ. ನನ್ನ ಭಾವಮೈದುನ, "ಭಾವ, ರೂಪಾಯಿಯನ್ನೇ ಒಯ್ಯಿರಿ, ಅಲ್ಲಿ ಲಿಟಲ್ ಇಂಡಿಯಾದ ಮುಸ್ತಾಫಾ ಸೆಂಟರಿನಲ್ಲಿ ಬದಲಾಯಿಸಿಕೊಳ್ಳಿ" ಎಂದ. ಇಪ್ಪತ್ತೈದು ಸಾವಿರ ರೂಪಾಯಿಗಿಂತ ಹೆಚ್ಚು ನೋಟು ದೇಶದಿಂದ ಹೊರಗೆ ಒಯ್ಯುವಂತಿಲ್ಲ ಎಂಬುದನ್ನು ನಾನೇ ಹುಡುಕಿ ತಿಳಿದುಕೊಳ್ಳಬೇಕಾಯಿತು.

ಕೊನೆಗೆ ಒಂದು ವಿನಿಮಯ ಕಚೇರಿಗೆ ಹೋದೆ. 'ಕಮಿಷನ್ ಇಲ್ಲ' ಎಂದು ಗಾಜಿನ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ನನ್ನ ಮೊಬೈಲಿನಲ್ಲಿ ಡಾಲರಿಗೆ 64. ಅವರು ನಮಗೆ ಕೊಡುವುದು 66ಕ್ಕೆ, ನಮ್ಮಿಂದ ಕೊಳ್ಳುವುದು 61ಕ್ಕೆ. "ನಡುವಿನ ಐದು ರೂಪಾಯಿ ಯಾರ ಮನೆಗೆ ಹೋಯಿತು?" ಎಂದು ಕೇಳಿದೆ. ಹುಡುಗ ಕಂಪ್ಯೂಟರಿನಿಂದ ಕಣ್ಣೆತ್ತದೆ, "ಅದು ಬೇರೆ ದರ ಸಾರ್, ಇದು ಬೇರೆ ದರ" ಎಂದ.

ಇದು ನಮ್ಮಜ್ಜಿಗೆ ಗೊತ್ತಿದ್ದ ವಿದ್ಯೆ. ಜಗಳೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಸುಗ್ಗಿಯಲ್ಲಿ ಜೋಳ ಕೊಳ್ಳುತ್ತಿದ್ದ, ಆಷಾಢದಲ್ಲಿ ಅದೇ ಜೋಳವನ್ನು ನಮಗೇ ಮಾರುತ್ತಿದ್ದ. ಅವನ ಹತ್ತಿರ ಎರಡು ಸೇರು. ಎರಡಕ್ಕೂ ಒಂದೇ ಎತ್ತರ, ಒಂದೇ ತುಕ್ಕು, ಒಂದೇ ಹಿಡಿ. ನಮ್ಮಜ್ಜಿ ಒಂದು ದಿನ ಚೀಲ ಇಳಿಸಿ, ಜೋಳ ಸುರಿಯುವ ಮೊದಲು ಖಾಲಿ ಸೇರಿಗೆ ಕೈ ಇಳಿಬಿಟ್ಟಳು. ಹಸಿರು ಬಳೆ ಅಷ್ಟೂ ಒಳಗೆ ಮುಳುಗಿದವು. "ಇನ್ನೊಂದನ್ನೂ ತಾ" ಎಂದಳು. ಅವನು ಅದು ಸೋರುತ್ತದೆ ಎಂದ. ಆಮೇಲೆ ಮಗ ಶಾಲೆಗೆ ಒಯ್ದಿದ್ದಾನೆ ಎಂದ. ಮಗ ಅಲ್ಲೇ ಕೂತು ಬೆಲ್ಲ ನೆಕ್ಕುತ್ತಿದ್ದ. ಗೋಣಿಚೀಲದ ಹಿಂದಿನಿಂದ ಅಜ್ಜಿಯೇ ಅದನ್ನು ಎಳೆದು ಕೈ ಇಳಿಸಿದಳು. ಎರಡು ಬಳೆ ಹೊರಗೇ ಉಳಿದವು. ತಳಕ್ಕೆ ಒಳಗಿನಿಂದ ಇನ್ನೊಂದು ತಗಡು ಬೆಸೆದಿತ್ತು. ಅಜ್ಜಿ ಕೂಗಾಡಲಿಲ್ಲ. "ಇನ್ನು ಮೇಲೆ ಈ ಬಳೆ ಉಳಿದದ್ದರಲ್ಲೇ ನಮ್ಮ ಜೋಳ ಅಳೆ, ಆ ಮುಳುಗಿದ್ದರಲ್ಲಿ ನಮಗೆ ಕೊಡು" ಎಂದಳು. ಆ ವರ್ಷವೆಲ್ಲ ಅವನು ಹಾಗೇ ಅಳೆದ, ಮೇಲೊಂದು ಹಿಡಿ ಕೊಸರನ್ನೂ ಹಾಕಿದ.

ಆ ವ್ಯಾಪಾರಿಗೆ ಸಣ್ಣ ಸೇರನ್ನು ಬಚ್ಚಿಡುವಷ್ಟಾದರೂ ನಾಚಿಕೆ ಇತ್ತು. ಈ ವಿನಿಮಯ ಕಚೇರಿಯವರು ಎರಡು ದರವನ್ನೂ ಕೆಂಪು ದೀಪದ ಅಂಕಿಗಳಲ್ಲಿ ಗೋಡೆಗೆ ತೂಗುಹಾಕಿ, ಕೆಳಗೆ ಕಮಿಷನ್ ಇಲ್ಲ ಎಂದು ಬರೆಯುತ್ತಾರೆ. ಕೊಸರು ಕೇಳಿದೆ. ಹುಡುಗ ಮೂವತ್ತು ಪೈಸೆ ಇಳಿಸಿದ. ಜಿಎಸ್‌ಟಿ ಸೇರಿಸಿದ. ಐವತ್ತು ಸಾವಿರದವರೆಗೆ ಮಾತ್ರ ನಗದು, ಅದರ ಮೇಲಾದರೆ ಬ್ಯಾಂಕಿನಿಂದ ಬರಬೇಕು ಎಂದ. ಅಷ್ಟು ನನ್ನಲ್ಲಿದೆ ಎಂದು ಅವನು ಭಾವಿಸಿದ್ದಕ್ಕೆ ಸ್ವಲ್ಪ ಖುಷಿಯಾಯಿತು.

ಇಷ್ಟೆಲ್ಲ ಲೆಕ್ಕ ಹಾಕಿ ಹೋದವನು ಅಲ್ಲಿ ಎಡವಿದೆ. ಒಂದು ಅಂಗಡಿಯಲ್ಲಿ ಮೊಮ್ಮಗನಿಗೆ ಬೂಟು ಕೊಂಡು ಕಾರ್ಡ್ ಕೊಟ್ಟಾಗ, ರೂಪಾಯಿಯಲ್ಲೋ ಡಾಲರಿನಲ್ಲೋ ಎಂದು ಯಂತ್ರ ಕೇಳಿತು. ಪರದೇಶದಲ್ಲಿ ನಮ್ಮ ರೂಪಾಯಿಯ ಹೆಸರು ಕಂಡು ಕರುಳು ಚುರುಕ್ ಎಂದಿತು, ಅದನ್ನೇ ಒತ್ತಿದೆ. ಡಾಲರನ್ನು ಒತ್ತಬೇಕಿತ್ತಂತೆ. ರೂಪಾಯಿ ಎಂದ ಕೂಡಲೇ ದರ ಕಟ್ಟುವವರು ಆ ಯಂತ್ರದವರೇ. ಮಗಳು ರಸೀದಿ ನೋಡಿ, "ಅಪ್ಪಾ, ಹದಿನೈದು ದಿನ ಏನು ವಿಚಾರಿಸಿದಿರಿ?" ಎಂದಳು. ಅವಳ ಅಮ್ಮ ನಕ್ಕಿದ್ದು ಅದಕ್ಕಿಂತ ದುಬಾರಿಯಾಯಿತು.

ಬರುವಾಗ ಉಳಿದ ನೋಟುಗಳನ್ನು ಬದಲಾಯಿಸಿಕೊಂಡೆ. ಚಿಲ್ಲರೆ ನಾಣ್ಯ ತೆಗೆದುಕೊಳ್ಳುವುದಿಲ್ಲ ಎಂದರು. ಹೀಗಾಗಿ ಸಿಂಹದ ಡಾಲರ್ ಒಂದು, ಚಾಂಗಿ ವಿಮಾನ ನಿಲ್ದಾಣದ ಚಿತ್ರವಿರುವ ಇಪ್ಪತ್ತು ಸೆಂಟ್ ಎರಡು, ಒಟ್ಟು ಒಂದು ಡಾಲರ್ ನಲವತ್ತು ಸೆಂಟ್ ಮೇಜಿನ ಖಾನೆಯಲ್ಲಿ ಕೂತಿದೆ. ಈಗಲೂ ಬೆಳಗ್ಗೆ ಕಾಫಿಗೆ ಮೊದಲು ದರ ನೋಡುತ್ತೇನೆ. ನಿನ್ನೆ ಇಪ್ಪತ್ತು ಪೈಸೆ ಏರಿತ್ತು. ಇನ್ನೂ ಏರಲಿ ಎಂದು ಕಾಯುತ್ತಿದ್ದೇನೆ.